ಕುತ್ತಿಗೆವರೆಗೆ ತುಂಬಿದ ಬಾಟಲಿ

ಕ್ಷೌರದಂಗಡಿಯಿಂದ ಹೊರಹಾಕಿದ್ದನ್ನಾದರೂ ತಮ್ಮ ನುಂಗಿಕೊಂಡಾನು. ಕತ್ತರಿ ಹಿಡಿದವನಿಗೆ ಎಲ್ಲಿ ಹೋದರೂ ಕೆಲಸವಿದೆ. ಆದರೆ ಅವನ ಜಾಗಕ್ಕೆ ತನ್ನ ಭಾಮೈದನನ್ನು ತಂದ ಅಣ್ಣ, ಮೀನಿನ ತೊಟ್ಟಿಯ ಮೇಲೆ ಕೈಯಿಟ್ಟು "ಇದು ಅಂಗಡೀದು, ಇಲ್ಲೇ ಇರತ್ತೆ" ಅಂದನಲ್ಲ, ಅದು ಗಂಟಲಲ್ಲೇ ಸಿಕ್ಕಿಕೊಂಡಿತು. ಆ ತೊಟ್ಟಿಯ ಒಂದೊಂದು ಹುಲ್ಲನ್ನೂ ಚಿಮಟದಲ್ಲಿ ನೆಟ್ಟವನು ತಮ್ಮ. ಗಿಡಗಳಿಗೆ ಕಾರ್ಬನ್ ಡೈಆಕ್ಸೈಡ್ ಸಿಗಲೆಂದು ಖಾಲಿ ಬಾಟಲಿಯಲ್ಲಿ ಸಕ್ಕರೆ, ಯೀಸ್ಟು, ನೀರು ಬೆರೆಸಿ, ಮುಚ್ಚಳ ಕೊರೆದು ತೊಟ್ಟಿಯೊಳಕ್ಕೆ ಕೊಳವೆ ಎಳೆದವನೂ ಅವನೇ.

ಗುಳ್ಳೆ ಬರುವುದು ನಿಂತಾಗ ಅಣ್ಣ ಮಾನ ಬಿಟ್ಟು ಫೋನು ಮಾಡಿದ. "ಗಿಡ ಹಳದಿಯಾಗ್ತಿವೆ ಕಣೋ. ಬಾಟಲಿಗೆ ಏನು ಹಾಕ್ಬೇಕು?"

"ಸಕ್ಕರೆ, ಉಗುರುಬೆಚ್ಚಗಿನ ನೀರು, ಒಂದು ಚಿಟಿಕೆ ಯೀಸ್ಟು."

ಒಂದಕ್ಷರ ಸುಳ್ಳಿರಲಿಲ್ಲ. ನೊರೆ ಉಕ್ಕಲು ಮೇಲೆ ಅಂಗೈಯಗಲ ಜಾಗ ಬಿಡಬೇಕು ಎನ್ನುವುದನ್ನು ಮಾತ್ರ ಹೇಳಲಿಲ್ಲ. ಮೇಲಾಗಿ ಅಣ್ಣನೋ, ಚಿಟಿಕೆ ಅಂದರೆ ಹಿಡಿ ಸುರಿಯುವ ಆಸಾಮಿ. ಗಡ್ಡದ ಕ್ರೀಮನ್ನು ಗಿರಾಕಿಯ ಕಿವಿಯೊಳಕ್ಕೂ ತುಂಬುವವನು. ನೊರೆ ತೊಟ್ಟಿಗಿಳಿದು ನೀರು ಕೆಡಲಿ, ಬಾಯಿ ಬಾಯಿ ಬಡಿದುಕೊಂಡು ಕರೆಯಲಿ, ಹೋಗಿ ಮೀನು ಗಿಡ ಎಲ್ಲ ಎತ್ತಿಕೊಂಡು ಬಂದರಾಯಿತು ಎಂದುಕೊಂಡ ತಮ್ಮ.

ಬೆಳಿಗ್ಗೆ ಕರೆ ಬಂದೇ ಬಂತು. ಬಕೆಟ್ಟು ಮೊದಲೇ ಸಿದ್ಧವಾಗಿತ್ತು.

ಅಂಗಡಿ ತುಂಬ ಹುಳಿ ವಾಸನೆ. ತೊಟ್ಟಿಯ ನೀರು ಬೆಳ್ಳಗೆ ಕದಡಿ, ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಅರ್ಧ ಗಡ್ಡ ಬೋಳಿಸಿಕೊಂಡ ಗಿರಾಕಿ ಮೂಗು ಮುಚ್ಚಿಕೊಂಡಿದ್ದ; ಬೆಂಚಿನ ಮೇಲೆ ಸರದಿ ಕಾಯುತ್ತಿದ್ದ ನಾಲ್ಕಾರು ಜನ ತೊಟ್ಟಿಯನ್ನೇ ನೋಡುತ್ತಿದ್ದರು.

"ನೀನು ಹೇಳ್ದಂಗೇ ಮಾಡಿದ್ನಲ್ಲೋ," ಎಂದ ಅಣ್ಣ.

"ಯೀಸ್ಟು ಎಷ್ಟು ಹಾಕ್ದೆ?"

"ಒಂದು ಹಿಡಿ. ನೀನು ಮೊದಲಿಂದ್ಲೂ ಕಂಜೂಸು."

ಗಿರಾಕಿ ನಕ್ಕುಬಿಟ್ಟ. ಅಣ್ಣನ ಮುಖ ಸಪ್ಪಗಾಯಿತು. "ಈ ದರಿದ್ರ ನಿಂದೇ. ಎಲ್ಲ ತಗೊಂಡು ಹೋಗಪ್ಪ," ಎಂದು ಕೈಮುಗಿದ.

ತಮ್ಮನ ಹೊಟ್ಟೆ ತಣ್ಣಗಾಯಿತು. ಇಷ್ಟು ಜನರೆದುರು ಸಿಕ್ಕ ಈ ಮಾತನ್ನು ಬೇಗ ಮುಗಿಸಲು ಅವನಿಗೆ ಮನಸ್ಸಾಗಲಿಲ್ಲ. ಎಲ್ಲರೂ ನೋಡಲೆಂದು ಮೊದಲು ಗಿಡಗಳನ್ನು ಒಂದೊಂದಾಗಿ ಕಿತ್ತು, ಬೇರು ಬಿಡಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿದ. ಆಮೇಲೆ ಮೀನುಗಳಿಗೆ ಬಲೆ ಹಾಕುವಷ್ಟರಲ್ಲಿ ಒಂದು ಮಗುಚಿ ತೇಲುತ್ತಿತ್ತು.

ಮನೆಯಲ್ಲಿ ಹೆಂಡತಿ ಬಕೆಟ್ಟಿನೊಳಗೆ ಇಣುಕಿದಳು. "ಬಾಲಮುರುಕ ಎಲ್ಲಿ?"

ಮದುವೆಯ ಹೊಸತರಲ್ಲಿ ಅವಳೇ ತಂದುಕೊಟ್ಟ ಮೀನು ಅದು. ತಮ್ಮನ ಬೆರಳು ಕಂಡರೆ ಸಾಕು, ಓಡಿ ಬರುತ್ತಿತ್ತು. ಅವನು ಜೇಬಿನಿಂದ ಕರವಸ್ತ್ರದ ಗಂಟು ತೆಗೆದು ಅವಳ ಕೈಗಿಟ್ಟ.

"ಅಣ್ಣ ಸಾಯಿಸ್ದ. ಬಾಟಲಿನ ಕುತ್ತಿಗೆವರೆಗೆ ತುಂಬ್ಸಿದ್ದ."

ಆ ಬಾಟಲಿಯನ್ನು ಈ ಮನೆಯ ಅಡುಗೆಕಟ್ಟೆಯ ಮೇಲೆ ಎಷ್ಟೋ ಸಲ ತುಂಬಿಸಿದವಳು ಅವಳು. ಗಂಟನ್ನು ಬಿಚ್ಚಿ ನೋಡಿ, ಮತ್ತೆ ಮಡಚಿದಳು.

"ಜಾಗ ಬಿಡೋಕೆ ಹೇಳಿದ್ರಿ ತಾನೆ?"

ತಮ್ಮ ಗಿಡಗಳ ಬೇರು ತೊಳೆಯುತ್ತ ಕೂತ.