ನೆಲದ ಪಂಕ್ತಿ

ಭಾರತ ಮಹಿಳಾ ಬಾಸ್ಕೆಟ್‌ಬಾಲ್ ತಂಡದ ಆಟಗಾರ್ತಿಯನ್ನು ಸನ್ಮಾನಿಸಲು ಡೊಂಬಿವಲಿಯ ಕನ್ನಡ ಸಂಘಕ್ಕೆ ಎರಡು ವರ್ಷ ಬೇಕಾಯಿತು. ಮೊದಲನೆಯ ವರ್ಷ, ಆಡುವುದು ಬಾಸ್ಕೆಟ್‌ಬಾಲೋ ವಾಲಿಬಾಲೋ ಎಂಬ ಚರ್ಚೆಯಲ್ಲೇ ಕಳೆಯಿತು. ಕೊನೆಗೆ 2011ರ ವಾರ್ಷಿಕ ಪೂಜೆಯ ದಿನ ಶಾಲು, ಹಣ್ಣಿನ ಬುಟ್ಟಿ, ಭಾಷಣ ಎಲ್ಲ ಸಾಂಗವಾಗಿ ಮುಗಿದವು. ಉಳಿದದ್ದು ಊಟ. ಸಭಾಂಗಣದ ನೆಲದಲ್ಲಿ ಎಲೆ ಹಾಸುವುದನ್ನು ಕಂಡದ್ದೇ ಮುರಾರಿ ಭಟ್ಟರಿಗೆ ತಳಮಳ ಶುರುವಾಯಿತು.

ಆಟಗಾರ್ತಿ ತನ್ವಿ ಅವರ ಮಗಳು. ಎರಡು ವಾರದ ಕೆಳಗೆ ಪ್ರಾಕ್ಟೀಸಿನಲ್ಲಿ ಹಾರಿ ಇಳಿಯುವಾಗ ಅವಳ ಎಡ ಮೊಣಕಾಲು ಹೊರಳಿತ್ತು. ಡೊಂಬಿವಲಿಯಲ್ಲಿ ತೋರಿಸಿದರೆ ಸುದ್ದಿಯಾಗುತ್ತದೆಂದು ಭಟ್ಟರು ಪಕ್ಕದೂರು ಕಲ್ಯಾಣದ ಡಾಕ್ಟರರ ಬಳಿ ಕರೆದೊಯ್ದರೆ, ಅಲ್ಲಿ ಚೀಟಿ ಬರೆಯುವ ಹೆಂಗಸು, "ನಿಮ್ಮ ಹೋಟೆಲಿನ ಗೋಳಿಬಜೆ ಈಗಲೂ ಹಾಗೇ ಉಂಟಾ ಭಟ್ರೇ?" ಎಂದು ಕೇಳಿದ್ದಳು. ಡಾಕ್ಟರು ಸದ್ಯ ಆಡಲೇಬಾರದೆಂದರು. ರಾಷ್ಟ್ರೀಯ ತಂಡದ ಕ್ಯಾಂಪು ಸೋಮವಾರ. ಇವತ್ತಿನ ಮುಖ್ಯ ಅತಿಥಿ ಹುಲಗಪ್ಪನವರು ಆಯ್ಕೆ ಸಮಿತಿಯವರು. ಅವರನ್ನು ಕಾಡಿ ಬೇಡಿ ಕರೆಸಿದವರು ಭಟ್ಟರೇ, ಕಾಲು ಹೊರಳುವ ಮೊದಲು.

ಗೋಡೆ ಬದಿಯ ಕುರ್ಚಿ ಟೇಬಲ್ಲು ಮಂಡಿನೋವಿನ ಮುದುಕರಿಗೆ ಮೀಸಲು. ತನ್ವಿ ಅಲ್ಲಿ ಕೂತರೆ ಮೈಕಿನಲ್ಲಿ ಸಾರಿದಂತೆಯೇ. ನೆಲದಲ್ಲಿ ಚಕ್ಕಳಮಕ್ಕಳ ಹಾಕಿದರೆ ಏಳುವುದು ಹೇಗೆ?

"ಎಂತ ಮಾಡುದು ಈಗ?" ಎಂದರು ಹೆಂಡತಿ ಸತ್ಯಭಾಮಾ.

"ಬಡಿಸ್ಲಿ. ಬಡಿಸುವವರು ಕೂರುದಿಲ್ಲವಲ್ಲ."

"ಬಸ್ ಕರಾ ಪಪ್ಪಾ," ಎಂದಳು ತನ್ವಿ. "ಸರ್ ಕೋ ಬೋಲ್ ದೇತೀ ಹೂಂ." ಹುಲಗಪ್ಪನವರಿಗೆ ಹೇಳಿಯೇಬಿಡುವ ಹಟ ಅವಳದು.

"ಬೋಲುದು ಬೇಡ. ಬಕೆಟ್ ಹಿಡಿ."

ತನ್ವಿ ದುಪಟ್ಟಾ ಸೊಂಟಕ್ಕೆ ಸುತ್ತಿ ಸಾರಿನ ಬಕೆಟ್ ಎತ್ತಿದಳು. ಇಡೀ ಸಭೆ ಕರಗಿಹೋಯಿತು. "ಇಂಡಿಯಾಕ್ಕೆ ಆಡುವವಳು, ನೋಡಿ, ಸಾರು ಬಡಿಸ್ತಾಳೆ," ಎಂದರು ಅಧ್ಯಕ್ಷರ ಹೆಂಡತಿ ಲೋಲಾಕ್ಷಿ. "ನಮ್ಮ ಮಗಳು ನೀರು ಸಹ ಬಗ್ಗಿಸಿ ಕುಡಿಯುದಿಲ್ಲ."

ಭಟ್ಟರು ತಮ್ಮ ಬುದ್ಧಿಗೆ ತಾವೇ ತಲೆದೂಗುತ್ತಿದ್ದರು, ಹುಲಗಪ್ಪನವರು ಎಲ್ಲಿ ಕೂತಿದ್ದಾರೆಂದು ನೋಡುವವರೆಗೆ. ಕುರ್ಚಿ ಬೇಡವೆಂದು ಅವರು ನೆಲದ ಪಂಕ್ತಿಯಲ್ಲೇ ಕೂತಿದ್ದರು. ನೆಲದಲ್ಲಿ ಕೂತವನಿಗೆ ಬಡಿಸುವವರ ಮುಖ ಕಾಣುವುದು ಕಡಿಮೆ. ಕಣ್ಣಿನ ಮಟ್ಟದಲ್ಲಿ ಹಾದುಹೋಗುವುದು ಮೊಣಕಾಲುಗಳು.

ತನ್ವಿ ಪ್ರತಿ ಎಲೆಯ ಮುಂದೆಯೂ ಬಲಗಾಲನ್ನೇ ಮುಂದಿಡುತ್ತಿದ್ದಳು. ಎಡಗಾಲಿನ ಪೈಜಾಮದೊಳಗೆ ಪಟ್ಟಿಯ ಉಬ್ಬು. ಹುಲಗಪ್ಪನವರು ಸಾರು ಹಾಕಿಸಿಕೊಂಡರು, ಪಾಯಸ ಹಾಕಿಸಿಕೊಂಡರು, ಮತ್ತೆ ಪಾಯಸ ಕೇಳಿದರು.

ಮಜ್ಜಿಗೆ ಮುಗಿದು ಪಂಕ್ತಿ ಎದ್ದಿತು. ಹುಲಗಪ್ಪನವರು ಏಳಲಿಲ್ಲ. ತನ್ವಿಯತ್ತ ಕೈ ಚಾಚಿದರು. "ಎಬ್ಬಸವ್ವಾ ಸ್ವಲ್ಪ. ಮೈ ಭಾರ ಆಗೇತಿ."

"ನಾನು ಎಬ್ಬಿಸ್ತೇನೆ ಸರ್," ಎಂದು ಭಟ್ಟರು ನುಗ್ಗಿದರು.

"ನಿಮ್ಮನ್ನ ಕರದಿಲ್ಲರಿ."

ತನ್ವಿ ಬಕೆಟ್ ಕೆಳಗಿಟ್ಟಳು. ಚಾಚಿದ ಕೈಯನ್ನು ನೋಡಿದಳು, ಹಿಡಿಯಲಿಲ್ಲ.

"ಎಡಗಾಲು ಸರಿ ಇಲ್ಲ ಸರ್," ಎಂದಳು, ಅಪರೂಪಕ್ಕೆ ಕನ್ನಡದಲ್ಲಿ. "ಎಳೆದ್ರೆ ಇಬ್ರೂ ಬೀಳ್ತೇವೆ."

"ಸಾರು ತಂದಾಗನ ನೋಡೀನಿ. ಪಾಯಸಕ್ಕರ ಹೇಳ್ತಿ ಅಂತ ಕಾದೆ, ಎರಡು ಸಲ ತರಿಸಿದೆ," ಎಂದರು ಹುಲಗಪ್ಪನವರು. "ಸೋಮವಾರ ಬರಬ್ಯಾಡ."

"ಸರ್, ತಂಡದಲ್ಲಿ ಆ ಜಾಗ..." ಎಂದರು ಭಟ್ಟರು.

"ಜಾಗಾ ಬ್ಯಾರೇದವರಿಗೆ ಹೋಗತದರಿ. ಹಿಡಿದಿಡಾಕ ನನ್ನ ಕೈಯಾಗ ಇಲ್ಲ. ಕಾಲು ನೆಟ್ಟಗ ಮಾಡ್ಕೊಂಡು ಬರಲಿ, ನೋಡೂಣು. ಈಗ ಎರಡು ಕುರ್ಚಿ ತರ್ರಿ."

ಎರಡನೆಯ ಪಂಕ್ತಿಗೆ ಕುರ್ಚಿಗಳೆಲ್ಲ ಆಗಲೇ ತುಂಬಿದ್ದವು. ಒಂದು ಖಾಲಿಯಿತ್ತು; ಲೋಕಲ್ ರೈಲಿನಲ್ಲಿ ಸೀಟು ಹಿಡಿದ ಹಾಗೆ ಅದಕ್ಕೆ ಸಂಘದ ಅಧ್ಯಕ್ಷರು ಕರವಸ್ತ್ರ ಹಾಕಿ ಹೋಗಿದ್ದರು. ಭಟ್ಟರು ಆ ಕರವಸ್ತ್ರವನ್ನು ತಮ್ಮ ಜೇಬಿಗೆ ತುರುಕಿ, ಕುರ್ಚಿಯನ್ನು ಎಲ್ಲರ ಕಣ್ಣೆದುರೇ ಹೊತ್ತು ತಂದು, ಮಗಳ ಹಿಂದೆ ಇಟ್ಟರು.