ಮಾತ್ರೆ ಮೊದಲು, ಕಾಫಿ ಆಮೇಲೆ

ಚೆನ್ನೈಯ ಪೋರೂರು ಕೆರೆ ಹತ್ರ ಇರೋ ಭೋಜರಾಜನ ಹೋಟೆಲಿನ ಶಟರ್ ಪೂರ್ತಿ ಮೇಲೇಳ್ಬೇಕಾದ್ರೆ ಒಂದು ನಾಲಿಗೆ ಒಪ್ಪಬೇಕು. ಮೊದಲ ಡಿಕಾಕ್ಷನ್ ಇಳಿದ ಕೂಡ್ಲೆ ಒಂದು ಲೋಟ ಕಾಫಿ ದೇವರ ಮುಂದೆ, ಆಮೇಲೆ ಅದೇ ಲೋಟ ಮನೆಯೊಡತಿ ಕೈಗೆ. ಅವಳು ಕುಡಿದು "ಅಡ್ಡಿಲ್ಲ" ಅನ್ನೋವರೆಗೂ ಗಿರಾಕಿಗೆ ಕಾಫಿ ಇಲ್ಲ. ಟಿ. ನಗರದ ಹಳೇ ಹೋಟೆಲಲ್ಲಿ ಭೋಜರಾಜನ ತಾಯಿ ಶುರು ಮಾಡಿದ ಪದ್ಧತಿ. ಅವರು ಹೋದ್ಮೇಲೆ ನಾಲಿಗೆಯ ಪಟ್ಟ ಸೊಸೆ ಗುಣವತಿಗೆ ಬಂತು.

ಪಟ್ಟದ ಹಿಂದೆಯೇ ಥೈರಾಯ್ಡ್ ತೊಂದ್ರೆಯೂ ಬಂತು. ದಿನಾ ಬೆಳಿಗ್ಗೆ ಮಾತ್ರೆ ನುಂಗ್ತಿದ್ಲು, ಆ ಮೊದಲ ಲೋಟದ ಕಾಫಿಯಲ್ಲೇ. ವರ್ಷವಾದ್ರೂ ಗುಣವತಿಗೆ ಗುಣ ಕಾಣ್ಲಿಲ್ಲ. ಮೆಟ್ಟಿಲು ಹತ್ತಿದ್ರೆ ಏದುಸಿರು, ಬಾಚಣಿಗೆ ತುಂಬ ಕೂದಲು, ಚೆನ್ನೈ ಸೆಕೆಯಲ್ಲೂ ಹೆಗಲಿಗೆ ಶಾಲು.

"ಸೋಮಾರಿತನ ಮಾರಾಯ್ತಿ. ಕ್ಯಾಶಲ್ಲಿ ಕೂತು ತೂಕಡಿಸಿದ್ರೆ ಮೈ ಬರದೆ ಎಂತ ಬರ್ತದೆ?" ಅಂತಿದ್ದ ಭೋಜರಾಜ. "ಮತ್ತೆ ಗಿರಾಕಿಗಳೆದುರು ಈ ಸುದ್ದಿ ಬೇಡ. ರುಚಿ ನೋಡುವವಳಿಗೇ ಕಾಯಿಲೆ ಅಂದ್ರೆ ಯಾರು ಕುಡೀತಾರೆ?"

ಹೊಸ ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ ಮತ್ತೂ ಏರಿತ್ತು. "ಜಾಸ್ತಿ ಉಂಟಲ್ಲ, ಇನ್ನು ಮಾತ್ರೆ ನಿಲ್ಲಿಸು" ಅಂದ. ಪುಕ್ಕಟೆ ವೈದ್ಯ. ಗುಣವತಿ ಅವನ ಮಾತು ಅವನಿಗೇ ಬಿಟ್ಟು ಡಾಕ್ಟರ್ ಅನು ಹತ್ರ ಹೋದ್ಲು. ಮೈಸೂರಿನವರು, ಕನ್ನಡದಲ್ಲೇ ಬೈತಾರೆ.

"ಟಿಎಸ್‌ಎಚ್ ಅಂದ್ರೆ ಥೈರಾಯ್ಡ್ ಹಾರ್ಮೋನೇ ಅಲ್ಲ ಕಣ್ರೀ. ಹಾರ್ಮೋನ್ ಸಾಲ್ತಿಲ್ಲ, ಇನ್ನೂ ಮಾಡು ಅಂತ ತಲೆಯಿಂದ ಗಂಟಲಿನ ಗ್ರಂಥಿಗೆ ಬರೋ ಕೂಗು."

"ಓ, ಒಳಗಿಂದ ಭಟ್ರು ದೋಸೆ ಕೊಡದಿದ್ರೆ ಸಪ್ಲೈಯರ್ ಕೂಗು ಜೋರಾದ ಹಾಗೆ. ಕೂಗು ಜಾಸ್ತಿ ಅಂದ್ರೆ ದೋಸೆ ಕಮ್ಮಿ."

"ಅದೇ. ಮಾತ್ರೆ ಹೇಗೆ ತಗೊಳ್ತೀರಿ?"

"ಕಾಫಿಯಲ್ಲಿ."

ಡಾಕ್ಟರ್ ಪೆನ್ನು ಕೆಳಗಿಟ್ರು. "ಕಾಫಿ ಜೊತೆ ಹೋದ್ರೆ ಮಾತ್ರೆ ರಕ್ತಕ್ಕೆ ಸರಿಯಾಗಿ ಸೇರಲ್ಲ. ಖಾಲಿ ಹೊಟ್ಟೆ, ಬರೀ ನೀರು. ಒಂದು ಗಂಟೆ ಕಾಫಿ ಮುಟ್ಟಬೇಡಿ. ಕೆಲವು ವಾರ ಬಿಟ್ಟು ರಕ್ತ ನೋಡೋಣ."

ಭೋಜರಾಜ ಕೇಳಿ ಉರಿದುಬಿದ್ದ. "ಇನ್ನೂ ಒಂದು ಗಂಟೆ ಮೊದ್ಲೇ ಎದ್ದು ನುಂಗು."

"ನಾಲ್ಕಕ್ಕೆ ಏಳ್ತೇನೆ, ನಾಲ್ಕೂವರೆಗೆ ಶಟರ್. ಅದಕ್ಕೂ ಮೊದ್ಲು ಏಳುವುದಾದ್ರೆ ಮಲಗುವುದು ಯಾಕೆ?"

"ಅಮ್ಮ ಒಂದಿನ ತಪ್ಪಿಸಿದವರಲ್ಲ."

"ಅತ್ತೆ ಕುಡಿದದ್ದು ಕಾಫಿ. ನಾನು ದಿನಾ ಬಿಡ್ತಿರೋದು ನನ್ನ ಮಾತ್ರೆಗೆ ಎಳ್ಳುನೀರು."

ಮರುದಿನ ಗುಣವತಿ ನೀರಲ್ಲಿ ಮಾತ್ರೆ ನುಂಗಿ ಶಾಲು ಹೊದ್ದು ಕೂತ್ಲು. ದೇವರ ಮುಂದಿನ ಕಾಫಿ ಕೆನೆಗಟ್ಟಿತು. ಭೋಜರಾಜ ತಾನೇ ರುಚಿ ನೋಡೋಣ ಅಂದ್ರೆ, ಪಾಯಸದಷ್ಟು ಸಿಹಿ ಕಾಫಿ ಕುಡಿಯೋ ಅವನ ನಾಲಿಗೆಯನ್ನ ಅವನೇ ನಂಬ. ಅರ್ಧ ಎತ್ತಿದ ಶಟರಿನಾಚೆ ಕೆರೆ ಸುತ್ತಿ ಬಂದವರ ಕಾಲುಗಳು ಸಾಲಾಗಿ ಕಾಣ್ತಿದ್ವು.

"ಒಂದು ಗುಟುಕು ಮಾರಾಯ್ತಿ."

"ಇಲ್ಲ."

ಅವನು ಬಗ್ಗಿ ಹೊರಗೆ ಹೋಗಿ, ಹಾಲು ಬಂದಿಲ್ಲ ಅಂದ. ಗುಣವತಿಯೂ ಹಿಂದೆಯೇ ಬಗ್ಗಿ ಬಂದು ತಮಿಳಲ್ಲಿ ಸಾರಿದ್ಲು: ಹಾಲು ಬಂದಿದೆ. ನನಗೆ ಥೈರಾಯ್ಡ್, ಈಗಷ್ಟೇ ಮಾತ್ರೆ ನುಂಗಿದ್ದೇನೆ. ಗಂಟೆ ಆಗ್ಬೇಕು. ನಾನು ಕುಡಿದ್ಮೇಲೇ ನಿಮಗೆ. ಅವಸರ ಇದ್ದವರು ಎದುರಿನ ಅಂಗಡಿಗೆ ಹೋಗಿ.

ಭೋಜರಾಜ ಕಣ್ಮುಚ್ಚಿದ. ಇಬ್ಬರು ಹೋದ್ರು. ಉಳಿದವರಲ್ಲಿ ಶೂಸು ಹಾಕಿದ್ದ ಒಬ್ಬಾಕೆ ಹತ್ರ ಬಂದು, "ಎನಕ್ಕುಂ ಅದೇದಾಮ್ಮಾ. ಕಾಪಿಯೋಡ ಸಾಪ್ಪಿಡಕೂಡಾದಾ?" ಅಂದ್ಲು, ತನಗೂ ಅದೇ ಕಾಯಿಲೆ, ಮಾತ್ರೆ ಕಾಫಿ ಜೊತೆ ತಗೊಳ್ಬಾರ್ದಾ ಅಂತ.

"ಕೂಡಾದು" ಅಂದ್ಲು ಗುಣವತಿ, ಡಾಕ್ಟರಿಗಿಂತ ಗಟ್ಟಿಯಾಗಿ. ಇಬ್ಬರೂ ಶಟರಿನ ಕೆಳಗೇ ನಿಂತು ಕೂದಲು, ಚಳಿ, ಗಂಡಂದಿರು ಅಂತ ಮಾತಿಗೆ ಬಿದ್ರು. ಸ್ವಲ್ಪ ಹೊತ್ತಲ್ಲಿ ಭೋಜರಾಜ ಎರಡು ಸ್ಟೂಲು ತಂದಿಟ್ಟ.

ಮಾರನೇ ಬೆಳಿಗ್ಗೆ ದೇವರ ಮುಂದಿನ ಲೋಟದಲ್ಲಿ ಕಾಫಿ ಇರ್ಲಿಲ್ಲ, ನೀರಿತ್ತು. ಪಕ್ಕದಲ್ಲಿ ಮಾತ್ರೆ. ರಕ್ತದೊಳಗಿನ ಕೂಗು ಇಳೀತೋ ಇಲ್ವೋ ಪರೀಕ್ಷೆಯಲ್ಲೇ ಗೊತ್ತಾಗ್ಬೇಕು. ಮನೆಯೊಳಗಿನದ್ದು ಇಳಿದಿತ್ತು.

"ಕಾಫಿ ಯಾವಾಗ ತರ್ಲಿ?" ಭೋಜರಾಜ ಕೇಳಿದ.

"ನಾನು ಹೇಳಿದಾಗ" ಅಂದು ಗುಣವತಿ ಮಾತ್ರೆ ನುಂಗಿದ್ಲು. "ಸಕ್ಕರೆ ಮಾತ್ರ ನೀವು ಹಾಕ್ಬೇಡಿ."