ಪಾಲಾಕ್ಷ ಮೆಚ್ಚಿದ ಹಾಡು

"ಇದು ಗಡಿಯಲ್ಲಿರುವ ನಮ್ಮ ಪಾಲಾಕ್ಷ ಮೆಚ್ಚಿದ್ದ ಹಾಡು" ಎಂದುಬಿಟ್ಟಳು ಶಬ್ನಮ್. ಜೋಕಾಲಿ ಪದ ಶುರುವಾಯಿತು, ಮೈಕಿನ ಕೆಂಪು ದೀಪ ಆರಿತು. ಆಮೇಲೆ ತಾನಾಡಿದ್ದು ತನ್ನ ಕಿವಿಗೇ ಬಿತ್ತು. ಮೆಚ್ಚಿದ ಅನ್ನಬೇಕಿತ್ತು, ಮೆಚ್ಚಿದ್ದ ಅಂದಿದ್ದಳು. ಒಂದು ಒತ್ತಕ್ಷರ, ಅಷ್ಟೇ. ಆದರೆ ಆ ಒತ್ತು ಬಿದ್ದರೆ ಮೆಚ್ಚಿದವನು ಈಗ ಇಲ್ಲ ಅಂತಲೇ ಕೇಳುತ್ತದಲ್ಲ, ಅದಕ್ಕೇನು ಮಾಡುವುದು?

ಶಬ್ನಮ್ ಹಾಡು ಹಾಕುವ ಹಗರಿಬೊಮ್ಮನಹಳ್ಳಿಯ ಪುಟ್ಟ ರೇಡಿಯೋ ಕೇಂದ್ರದ ದನಿ ಸುತ್ತಲಿನ ಹಳ್ಳಿಗಳ ಆಚೆ ಹೋಗುವುದಿಲ್ಲ. ಆದರೆ ಆ ಹಳ್ಳಿಗಳು ಅದನ್ನು ಬಿಟ್ಟಿರುವುದೂ ಇಲ್ಲ. ಕೂಡ್ಲಿಗಿ ದಾರಿಯ ಹಳ್ಳಿಯೊಂದರ ಪಾಲಾಕ್ಷ ಮಿಲಿಟರಿ ಸೇರಿದ ಮೇಲೆ ಅಲ್ಲಿಂದಲೇ ಕೇಂದ್ರಕ್ಕೆ ಫೋನಿನಲ್ಲಿ ಮಾತು ಕಳಿಸುತ್ತಿದ್ದ. ಅವ್ವ ಜಂಬಕ್ಕ, ಹೆಂಡತಿ ಗೀತಮ್ಮ, ಕೊನೆಗೆ ಮನೆಯ ಆಡು ಬೆಳ್ಳಿ, ಇಷ್ಟು ಜನಕ್ಕೆ ಒಂದು ಜೋಕಾಲಿ ಪದ ಹಾಕಿರಿ ಅಂತ. ಆಡಿನ ಹೆಸರು ಓದುವಾಗ ಶಬ್ನಮ್‌ಗೆ ನಗು ತಡೆಯುವುದೇ ಕಷ್ಟವಾಗುತ್ತಿತ್ತು.

ಗಡಿಯಲ್ಲಿ ಗುಂಡಿನ ಸದ್ದು ಎದ್ದ ಮೇಲೆ ಆ ಮಾತು ಬರುವುದು ನಿಂತಿತು. ಗೀತಮ್ಮ ಫೋನು ಮಾಡಿ, "ಇವತ್ತು ನಮ್ಮನಿಯವ್ರ ಹಾಡು ಬರ್ಲಿಲ್ಲಲ್ರಿ" ಎಂದಾಗ ಶಬ್ನಮ್‌ಗೆ ಆ ದನಿ ತಡೆದುಕೊಳ್ಳಲಾಗಲಿಲ್ಲ. ಗೀತಮ್ಮ ತುಂಬಿದ ಬಸುರಿ. "ನಾಳೆ ಬರ್ತೈತಿ ತಗೋರ್ರಿ" ಅಂದವಳು, ಮರುದಿನ ತಾನೇ ಅವನ ಹೆಸರಿನಲ್ಲಿ ಕೋರಿಕೆ ಹುಟ್ಟಿಸಿ ಓದಿದಳು. ಯುದ್ಧದ ಹೊತ್ತಿನಲ್ಲಿ ಆಡಿನ ತಮಾಷೆ ಬೇಡವೆಂದು ಬೆಳ್ಳಿಯನ್ನು ಮಾತ್ರ ಬಿಟ್ಟಳು. ಅಲ್ಲಿಂದ ದಿನವೂ ಅದೇ ಸುಳ್ಳು. ಸೈನಿಕನ ಹೆಸರಲ್ಲಿ, ಅದೂ ಇಂಥ ದಿನಗಳಲ್ಲಿ, ಅದೂ ರೇಡಿಯೋ ರಿಪೇರಿ ಮಕ್ತುಂ ಸಾಬರ ಮಗಳು. ಗೊತ್ತಾದರೆ ಊರು ಸುಮ್ಮನಿರುತ್ತದೆಯೇ? ಬೆಳಿಗ್ಗೆ ಅಬ್ಬಾ ಚಹಾದ ಬಟ್ಟಲು ಇಡುತ್ತಾ, "ಬೇಟಾ, ಸ್ವಲ್ಪ ದಿನ ಮಾತು ಕಮ್ಮಿ ಮಾಡು" ಎಂದಿದ್ದರು. ಅವರಿಗೆ ಏನೂ ಗೊತ್ತಿರಲಿಲ್ಲ, ಆದರೂ ಅಂದಿದ್ದರು.

ಕೇಂದ್ರದ ಮುಖ್ಯಸ್ಥ ಕೊಟ್ರಸ್ವಾಮಿ ಮಾತ್ರ ಹುರುಪಿನಲ್ಲಿದ್ದ. "ಇವತ್ತು ದಿನಾ ಪೂರ್ತಿ ಕುಣಿಯೋ ಹಾಡ ಹಾಕಬೇಕು ನೋಡವ್ವ. ಆಗಿನ ದೊಡ್ಡ ಯುದ್ಧದಾಗ ಇಂಗ್ಲೆಂಡಿನ ರೇಡಿಯೋದವ್ರು ಹಂಗ ಮಾಡ್ತಿದ್ರಂತ. ಮ್ಯಾಲೆ ಬಾಂಬ್ ಬೀಳತಿದ್ವು, ಇವ್ರು ಕಾರ್ಖಾನಿ ಮಂದಿಗೆ ಬ್ಯಾಂಡು ಕೇಳಸ್ತಿದ್ರು. ಅಳೋ ಹಾಡು ಹಾಕಿದ್ರ ಮಂದಿ ಕುಂತ ಬಿಡ್ತಾರ."

ಹಾಗಾಗಿ ಸುಗ್ಗಿಯ ಪದ, ಮದುವೆಯ ಪದ, ಬೀಗರನ್ನು ಹಂಗಿಸುವ ಪದ ಒಂದರ ಹಿಂದೊಂದು ಹೊರಟವು. ಪ್ರತಿ ಸಲ ಫೋನು ಮಿನುಗಿದಾಗಲೂ ಶಬ್ನಮ್ ಮೊದಲು ನಂಬರು ನೋಡುತ್ತಿದ್ದಳು. ಗೀತಮ್ಮನದಲ್ಲ. ಅವಳು ಯಾಕೆ ಮಾಡುತ್ತಿಲ್ಲ? ಕೇಳಿಸಿಕೊಂಡಳೋ, ಕೇಳಿಸಿಕೊಂಡು ಬಿದ್ದಳೋ?

ಮಧ್ಯಾಹ್ನ ಗಾಜಿನಾಚೆ ಒಬ್ಬ ಹೆಂಗಸು ಬಂದು ನಿಂತಳು. ಬಿಸಿಲಿಗೆ ತಲೆಯ ಮೇಲೆ ಸೆರಗು, ಕೈಯಲ್ಲಿ ಬಟ್ಟೆಯ ಚೀಲ. ಕೊಟ್ರಸ್ವಾಮಿ ಅವಳನ್ನು ಒಳಗೆ ಬಿಟ್ಟು, "ಪಾಲಾಕ್ಷನ ತಾಯಿ ಜಂಬಕ್ಕ ಅಂತ. ಮಗನ ಹಾಡು ಇನ್ನೊಮ್ಮೆ ಇಲ್ಲೇ ಕುಂತು ಕೇಳಬೇಕಂತಾರ, ಹಾಕವ್ವ" ಎಂದು ಬಾಗಿಲು ಎಳೆದುಕೊಂಡು ಹೋದ. ಆ ಬಾಗಿಲು ಮುಚ್ಚಿದರೆ ಹೊರಗಿನ ಬಸ್ಸಿನ ಹಾರನ್ನೂ ಒಳಗೆ ಬರುವುದಿಲ್ಲ.

"ತಪ್ಪಾತು ಜಂಬಕ್ಕ" ಎಂದಳು ಶಬ್ನಮ್. "ಬಾಯಿ ತಪ್ಪಿ ಅಂದೆ."

"ಅದಕ್ಕ ಬಂದೀನವ್ವ. ಇನ್ನೊಮ್ಮೆ ಹಂಗ ಅನಬ್ಯಾಡ. ಗೀತಾ ಕೇಳಿ ಬಿಳಿಚಿಕೊಂಡ್ಲು. ರೇಡಿಯೋದಾಕಿಗೆ ಕನ್ನಡ ಬರಂಗಿಲ್ಲ ತಗೋ ಅಂತ ನಕ್ಕೆ. ಮನಿಯಾಗ ಕುಂದ್ರಿಸಿ, ಸಂತಿಗೆ ಅಂತ ಹೇಳಿ ಬಂದೀನಿ."

"ಆ ಕೋರಿಕಿ ನಾನ ಹುಟ್ಟಿಸೀನಿ ಅಂತ ನಿಮಗ..." ಎಂದಳು ಶಬ್ನಮ್.

"ಮೊದಲನೇ ದಿನಾನ ಗೊತ್ತಾತು. ನನ್ನ ಮಗ ಹೆಂಡ್ತಿ ಹೆಸರು ಮರತಾನು, ಬೆಳ್ಳಿ ಹೆಸರು ಬಿಡವಲ್ಲ. ಅದು ಹುಟ್ಟಿದಾಗ ಬಾಟ್ಲಿ ಹಾಲು ಕುಡಿಸ್ಯಾನ ಅವನು." ಜಂಬಕ್ಕ ಕುರ್ಚಿಯ ತುದಿಯಲ್ಲಿ ಕೂತಳು. "ನಿನ್ನಿ ಅವನ ಸಾಹೇಬ್ರು ಫೋನ್ ಮಾಡಿದ್ರು. ಪುಣ್ಯಕ್ಕ ಫೋನು ನನ್ನ ಕೈಯಾಗಿತ್ತು. ಹುಡುಕಾಕ ಹತ್ತೀವಿ ಅಂದ್ರು. ಯಾರ್ದತ್ತಿ ಅಂತ ಗೀತಾ ಕೇಳಿದ್ಲು, ಬ್ಯಾಂಕಿನವ್ರು ಅಂದೆ."

"ಹುಡುಕಾಕ ಹತ್ಯಾರ ಅಂದ್ರ..."

"ನೀನು ಓದಿದಾಕಿ. ನೀನ ಹೇಳು."

ಶಬ್ನಮ್ ಜೋಕಾಲಿ ಪದವನ್ನು ಹುಡುಕಿ ಸಜ್ಜು ಮಾಡಿದಳು. ಮದುವೆಯ ಪದ ಮುಗಿಯುತ್ತ ಬಂದಿತ್ತು.

"ಹೆರಿಗಿ ಆಗೋತನ ದಿನಾ ಹಾಕು. ಬೆಳ್ಳಿ ಹೆಸರು ಬಿಡಬ್ಯಾಡ. ಯಾಕ ಬಿಟ್ಟಾರತ್ತಿ ಅಂತ ಆಕಿ ಕೇಳಾಕ ಹತ್ಯಾಳ."

ಕೆಂಪು ದೀಪ ಹತ್ತಿತು. ಜಂಬಕ್ಕ ಅವಳ ತುಟಿಗಳನ್ನೇ ನೋಡುತ್ತಿದ್ದಳು. "ಅವ್ವ ಜಂಬಕ್ಕನಿಗೆ, ಮನೆಯಾಕೆ ಗೀತಮ್ಮನಿಗೆ, ಆಮೇಲೆ ನಮ್ಮ ಬೆಳ್ಳಿಗೆ..." ಎಂದು ಶಬ್ನಮ್ ನಕ್ಕಳು. ನಗಲೇಬೇಕಿತ್ತು. "ಗಡಿಯಿಂದ ಪಾಲಾಕ್ಷ ಕೇಳಿದ್ದಾರೆ. ಅವರು ಮೆಚ್ಚಿದ ಹಾಡು." ಒತ್ತಿಲ್ಲದೆ, ನಿಧಾನಕ್ಕೆ.

ಜೋಕಾಲಿ ಪದ ಶುರುವಾಗಿ ದೀಪ ಆರಿತು. ಜಂಬಕ್ಕ ಮೈಕಿನ ಕಡೆ ನೋಡಿದಳು.

"ಈಗ ನಾನು ಅತ್ರ ಮನಿಯಾಗ ಕೇಳಸ್ತೈತೇನವ್ವ?"

"ಇಲ್ಲ ಜಂಬಕ್ಕ. ದೀಪ ಆರೈತಿ."

ಆಗ ಅವಳು ಅತ್ತಳು. ಚೀಲವನ್ನು ಎದೆಗೆ ಅವುಚಿಕೊಂಡು, ಬಾಯಿ ತೆರೆದು, ಮನೆಯಲ್ಲಿ ಅಳಲಾಗದ್ದನ್ನೆಲ್ಲ ಅತ್ತಳು. ಗಾಜಿನಾಚೆ ಕೊಟ್ರಸ್ವಾಮಿ ಇತ್ತ ಬೆನ್ನು ಮಾಡಿ ಕೂತು, ಹಾಡಿಗೆ ಸರಿಯಾಗಿ ಪೆನ್ನಿನಿಂದ ಮೇಜು ಬಡಿಯುತ್ತಿದ್ದ. ಹಾಡು ಕೊನೆಯ ನುಡಿಗೆ ಬಂದಾಗ ಶಬ್ನಮ್ ಬೆರಳೆತ್ತಿ ತುಟಿಯ ಮೇಲಿಟ್ಟಳು. ಜಂಬಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡು, ಹತ್ತಿದ ಕೆಂಪು ದೀಪವನ್ನೇ ನೋಡುತ್ತ ಕೂತಳು.